ಓದಿನ ರುಚಿ

ಕುಟುಂಬದವರು ಕೂಡಿ ಓದಲು ಈ ತಿಂಗಳ ಪಾಠ



ಭಾನುವಾರದ ಕನ್ನಡ ಪೂಜೆಯಲ್ಲಿ ಮೊದಲನೆಯ ವಾಚನ ಓದುವವರು ಯಾರು ಎಂದು ಕೇಳಿದರೆ ಸಾಕು, ನಮ್ಮ ಮಕ್ಕಳು ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗುತ್ತಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಇಲ್ಲವೆ ಇಂಗ್ಲಿಷ್, ಸಂತೆಯಲ್ಲಿ ತೆಲುಗೂ ಸೇರಿಕೊಳ್ಳುತ್ತದೆ. ಹೊಸೂರು ಸೀಮೆಯ ನಮ್ಮ ಮಕ್ಕಳು ಬೆಳೆಯುವುದೇ ಹೀಗೆ. ಅವರಿಗೆ ಕನ್ನಡದ ಮಾತು ಸಲೀಸು, ಅಕ್ಷರ ಕಷ್ಟ.

ಕಳೆದ ವರ್ಷ ಒಬ್ಬ ಹುಡುಗಿ ಧೈರ್ಯಮಾಡಿ ಓದಲು ನಿಂತಳು. ಒತ್ತಕ್ಷರ ಬಂದಲ್ಲೆಲ್ಲ ತಡೆದು ತಡೆದು ಓದಿದಳು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಪೂಜೆ ಮುಗಿದ ಮೇಲೆ ಧರ್ಮೋಪದೇಶ ಕಲಿಸುವ ನಾವೇ ಅವಳನ್ನು ಕರೆದು, "ಇನ್ನೂ ಸ್ವಲ್ಪ ಬೇಗ ಓದಬೇಕಮ್ಮ" ಎಂದೆವು. ಮುಂದಿನ ವಾರ ಅವಳು ಓದಲು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ತಪ್ಪು ನಮ್ಮದೇ ಎಂದು ತಿಳಿಯಲು ನಮಗೆ ಬಹಳ ದಿನ ಬೇಕಾಯಿತು. ಆದ್ದರಿಂದ ನಿಧಾನವಾಗಿ ಓದುವುದರ ಬಗ್ಗೆ ಈ ತಿಂಗಳು ನಿಮ್ಮೊಡನೆ ಕುಳಿತು ಕಲಿಯಬೇಕೆಂದಿದ್ದೇವೆ.

ರಥದಲ್ಲಿ ಓದುತ್ತಿದ್ದ ಅಧಿಕಾರಿ

ಮೊದಲು ಶ್ರೀಗ್ರಂಥವನ್ನು ತೆರೆಯೋಣ. ಪ್ರೇಷಿತರ ಕಾರ್ಯಕಲಾಪಗಳು, 8ನೇ ಅಧ್ಯಾಯ, 26ರಿಂದ 40ರವರೆಗಿನ ವಾಕ್ಯಗಳು.

ಇಥಿಯೋಪಿಯದ ರಾಣಿಯ ಖಜಾನೆ ನೋಡಿಕೊಳ್ಳುವ ದೊಡ್ಡ ಅಧಿಕಾರಿಯೊಬ್ಬ ಜೆರುಸಲೇಮಿನಲ್ಲಿ ಆರಾಧನೆ ಮುಗಿಸಿ ಊರಿಗೆ ಮರಳುತ್ತಿದ್ದಾನೆ. ರಥದಲ್ಲಿ ಕುಳಿತು ಪ್ರವಾದಿ ಯೆಶಾಯನ ಗ್ರಂಥವನ್ನು ಓದುತ್ತಿದ್ದಾನೆ. ಆತ ಓದುವುದು ಫಿಲಿಪ್ಪನ ಕಿವಿಗೆ ಬೀಳುತ್ತದೆ. ಎಂದರೆ ಆತ ಗಟ್ಟಿಯಾಗಿ ಓದುತ್ತಿದ್ದ. ಓದಿದ್ದು ಅರ್ಥವಾಗುತ್ತಿದೆಯೇ ಎಂದು ಫಿಲಿಪ್ಪ ಕೇಳುತ್ತಾನೆ. ಅಷ್ಟು ದೊಡ್ಡ ಅಧಿಕಾರಿ ನಾಚಿಕೊಳ್ಳುವುದಿಲ್ಲ. ಯಾರಾದರೂ ತಿಳಿಸಿಕೊಡದೆ ಹೇಗೆ ಅರ್ಥವಾದೀತು ಎಂದು ಒಪ್ಪಿಕೊಂಡು, ಫಿಲಿಪ್ಪನನ್ನು ರಥಕ್ಕೆ ಹತ್ತಿಸಿಕೊಂಡು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾನೆ.

ಇಲ್ಲಿ ಮೂರು ಸಂಗತಿಗಳನ್ನು ಗಮನಿಸಿ. ಆತ ಪರದೇಶದವನು, ಆದರೂ ಓದಲು ಹಿಂಜರಿಯಲಿಲ್ಲ. ಅರ್ಥವಾಗದ ಕಡೆ ನಿಂತ, ಕೇಳಿದ. ಇಬ್ಬರೂ ಮಾತನಾಡಿದ್ದು ಇಡೀ ಗ್ರಂಥದ ಬಗ್ಗೆ ಅಲ್ಲ, ಒಂದು ಸಣ್ಣ ಭಾಗದಿಂದ ಮಾತು ಆರಂಭವಾಯಿತು. ಆ ಸಣ್ಣ ಭಾಗವೇ ಆತನನ್ನು ದೀಕ್ಷಾಸ್ನಾನದವರೆಗೆ ಕರೆದೊಯ್ದಿತು. ಆಮೇಲೆ ಆತ ಸಂತೋಷದಿಂದ ತನ್ನ ದಾರಿ ಹಿಡಿದ ಎಂದು ಸಂತ ಲೂಕರು ಬರೆಯುತ್ತಾರೆ. ಓದು ಕೊನೆಗೆ ಮುಟ್ಟಿದ್ದು ಸಂತೋಷವನ್ನು.

ಹಾಸಿಗೆ ಹಿಡಿದ ಸೈನಿಕ

ಇನ್ನೊಬ್ಬ ಓದುಗರು ಲೊಯೋಲದ ಸಂತ ಇಗ್ನೇಷಿಯಸರು. 1521ರ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗಲಿ ಅವರ ಕಾಲು ಮುರಿಯಿತು. ಆಗ ಅವರಿಗೆ ಸುಮಾರು 30 ವರ್ಷ. ಲೊಯೋಲದ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿರಬೇಕಾಯಿತು. ಹೊತ್ತು ಹೋಗಲು ವೀರಯೋಧರ ಸಾಹಸದ ಕಥೆಗಳು ಬೇಕೆಂದರು. ಅವರಿಗೆ ಬಹಳ ಇಷ್ಟವಾದ ಪುಸ್ತಕಗಳು ಅವು. ಮನೆಯಲ್ಲಿ ಅಂಥದ್ದೊಂದೂ ಇರಲಿಲ್ಲ. ಸಿಕ್ಕಿದ್ದು ಸ್ಯಾಕ್ಸನಿಯ ಲುಡಾಲ್ಫ್ ಎಂಬ ಮಠವಾಸಿ ಬರೆದ ಕ್ರಿಸ್ತನ ಜೀವನಚರಿತ್ರೆ ಮತ್ತು ಸಂತರ ಚರಿತ್ರೆಗಳು.

ಬೇರೆ ದಾರಿಯಿಲ್ಲದೆ ಓದತೊಡಗಿದರು. ಸ್ವಲ್ಪ ಓದುವರು, ಪುಸ್ತಕ ಕೆಳಗಿಟ್ಟು ಯೋಚಿಸುವರು. ಕೆಲವೊಮ್ಮೆ ಹಳೆಯ ಸಾಹಸದ ಕನಸುಗಳಲ್ಲಿ ಗಂಟೆಗಟ್ಟಲೆ ಮುಳುಗುವರು, ಕೆಲವೊಮ್ಮೆ ತಾನೂ ಸಂತ ಫ್ರಾನ್ಸಿಸರಂತೆ, ಸಂತ ದೊಮಿನಿಕರಂತೆ ಬಾಳಿದರೆ ಹೇಗೆ ಎಂದುಕೊಳ್ಳುವರು. ಎರಡೂ ಯೋಚನೆಗಳು ಆ ಹೊತ್ತಿಗೆ ಹಿತವಾಗಿದ್ದವು. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿದಂತಾಗುತ್ತಿತ್ತು. ಎರಡನೆಯದರ ಸಂತೋಷ ಆಮೇಲೂ ಉಳಿಯುತ್ತಿತ್ತು. ಈ ವ್ಯತ್ಯಾಸ ಒಂದು ದಿನ ಅವರ ಗಮನಕ್ಕೆ ಬಂತು. ಅವರು ಮುಂದೆ ಜಗತ್ತಿಗೆ ಕಲಿಸಿದ ಆತ್ಮವಿವೇಚನೆಯ ಬೀಜ ಬಿದ್ದದ್ದು ಹೀಗೆ, ಓದುತ್ತಾ ನಿಲ್ಲಿಸುತ್ತಾ ಕಳೆದ ದಿನಗಳಲ್ಲಿ.

ಇಷ್ಟವಾದ ಮಾತುಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳುವುದನ್ನೂ ಅವರು ರೂಢಿಸಿಕೊಂಡರು. ಯೇಸುಸ್ವಾಮಿಯ ಮಾತುಗಳಿಗೆ ಕೆಂಪು ಶಾಯಿ, ಮಾತೆ ಮರಿಯಮ್ಮನವರ ಮಾತುಗಳಿಗೆ ನೀಲಿ ಶಾಯಿ. ಹಾಗೆ ಸುಮಾರು 300 ಹಾಳೆ ತುಂಬಿದವು. ಕೈಯಲ್ಲಿ ಬರೆದುಕೊಳ್ಳುತ್ತಾ ಓದುವವರು ಅವಸರಪಡಲಾರರು. ಬಹಳ ತಿಳಿದುಕೊಳ್ಳುವುದರಿಂದ ಆತ್ಮಕ್ಕೆ ತೃಪ್ತಿಯಿಲ್ಲ, ಒಳಗಿನಿಂದ ಸವಿಯುವುದರಿಂದಲೇ ತೃಪ್ತಿ ಎಂಬ ಅರ್ಥದ ಮಾತನ್ನು ಅವರು ತಮ್ಮ 'ಆಧ್ಯಾತ್ಮಿಕ ಸಾಧನೆಗಳು' ಪುಸ್ತಕದ ಆರಂಭದಲ್ಲೇ ಇಟ್ಟಿದ್ದಾರೆ.

ಮುದ್ದೆಯೂ ಕಬ್ಬೂ

ನಮ್ಮದು ರಾಗಿಯ ಸೀಮೆ. ಮುದ್ದೆಯನ್ನು ಜಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಕಬ್ಬನ್ನು ಹಾಗೆ ನುಂಗಲಾದೀತೇ? ಅದನ್ನು ಸಿಗಿದು, ಜಗಿದು, ರಸ ಹೀರಬೇಕು. ಓದಿನಲ್ಲೂ ಈ ಎರಡು ಬಗೆ ಉಂಟು. ಬಸ್ಸಿನ ಬೋರ್ಡು, ರೇಷನ್ ಅರ್ಜಿ, ದಿನದ ಸುದ್ದಿ ಇವನ್ನು ಬೇಗ ಓದಿ ಮುಗಿಸಬಹುದು. ಶುಭಸಂದೇಶವನ್ನೂ ಒಳ್ಳೆಯ ಕಥೆಯನ್ನೂ ಜಗಿದೇ ಓದಬೇಕು. ಕುರಿಗಾಹಿಗಳು ಹೇಳಿದ್ದನ್ನೆಲ್ಲ ಮಾತೆ ಮರಿಯಮ್ಮನವರು ಮನಸ್ಸಿನಲ್ಲಿಟ್ಟು ಮೆಲುಕು ಹಾಕುತ್ತಿದ್ದರೆಂದು ಲೂಕ 2:19 ತಿಳಿಸುತ್ತದೆ. ಅವರೇ ನಮಗೆ ಮಾದರಿ.

ಹಾಗೆ ನೋಡಿದರೆ, ಬೆರಳಿಟ್ಟು ಅಕ್ಷರ ಕೂಡಿಸಿಕೊಂಡು ಓದುವ ನಮ್ಮ ಮಕ್ಕಳು ಹಿಂದೆ ಬಿದ್ದವರಲ್ಲ. ಪ್ರತಿ ಪದದ ಮುಂದೆ ನಿಲ್ಲುವುದು ಅವರಿಗೆ ಆಗಲೇ ಅಭ್ಯಾಸವಾಗಿದೆ. ಅಲ್ಲಿ ನಿಂತಾಗ ಪಕ್ಕದಲ್ಲಿ ಕೂರುವ ಒಬ್ಬ ಫಿಲಿಪ್ಪ ಬೇಕು, ಅಷ್ಟೆ.

ಯಾವ ಪುಸ್ತಕ ಆರಿಸೋಣ?

ದಾಕ್ಷಿಣ್ಯಕ್ಕೆ ಕೊಂಡ ಪುಸ್ತಕ ಬೀರುವಿನಲ್ಲೇ ಉಳಿಯುತ್ತದೆ. ಇಷ್ಟವಾದದ್ದನ್ನು ಆರಿಸಿ. ಒಂದು ಪುಸ್ತಕಕ್ಕೆ ಇಪ್ಪತ್ತು ಮೂವತ್ತು ಪುಟ ಅವಕಾಶ ಕೊಡಿ. ಸಂತ ಇಗ್ನೇಷಿಯಸರಿಗೂ ಕೇಳಿದ ಪುಸ್ತಕ ಸಿಕ್ಕಿರಲಿಲ್ಲವಲ್ಲ. ಆಮೇಲೂ ಹಿಡಿಸದಿದ್ದರೆ ಸಂಕೋಚವಿಲ್ಲದೆ ಮುಚ್ಚಿಡಿ, ಅದು ಪಾಪವಲ್ಲ. ಮುಚ್ಚಿದ ಮೇಲೂ ಸಂತೋಷ ಉಳಿಸುವ ಪುಸ್ತಕವನ್ನು ಮತ್ತೆ ತೆರೆಯಿರಿ.

ಮಕ್ಕಳಿಗೆ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಒಳ್ಳೆಯ ಆರಂಭ. ಸಾಗರದ ಈ ಲೇಖಕರು ನಮ್ಮಂತೆಯೇ ಕಥೋಲಿಕರಾಗಿದ್ದರು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಯುವಕರಿಗೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಟವರ ಈ ಕಥೆ ನಗಿಸುತ್ತಲೇ ಸೃಷ್ಟಿಯ ಮುಂದೆ ಬೆರಗಾಗುವಂತೆ ಮಾಡುತ್ತದೆ. ಹಿರಿಯರು ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ' ಹಿಡಿಯಬಹುದು. ಅವರ ಊರೂ ನಮ್ಮ ಊರಿನಂತೆ ಗಡಿಯಾಚೆ ಉಳಿದದ್ದು. ಕ್ರೈಸ್ತರಲ್ಲದ ಆ ಕವಿ ಯೇಸುಸ್ವಾಮಿಯ ಶಿಲುಬೆಯ ಮರಣವನ್ನು ಕನ್ನಡದಲ್ಲಿ ಕಾವ್ಯವಾಗಿ ಬರೆದರು. ಭಾಷೆ ಸುಲಭವಲ್ಲ. ತಪಸ್ಸುಕಾಲದಲ್ಲಿ ದಿನಕ್ಕೆ ಹತ್ತು ಸಾಲು ಸಾಕು.

ಹೇಗೆ ಓದೋಣ?

ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯ 48ನೇ ಅಧ್ಯಾಯದಲ್ಲಿ, ತಪಸ್ಸುಕಾಲಕ್ಕೆ ಪ್ರತಿಯೊಬ್ಬ ಮಠವಾಸಿಗೂ ಒಂದೊಂದು ಪುಸ್ತಕ ಕೊಡಬೇಕು, ಅದನ್ನು ಮೊದಲಿನಿಂದ ಕ್ರಮವಾಗಿ ಪೂರ್ತಿ ಓದಬೇಕು ಎಂದು ವಿಧಿಸಿದ್ದಾರೆ. ನಮಗೂ ಒಂದೇ ಪುಸ್ತಕ ಸಾಕು. ಹೀಗೆ ಮಾಡಿ ನೋಡಿ:

1. ರಾತ್ರಿ ಜಪಸರವಾದ ಮೇಲೆ ಹದಿನೈದು ನಿಮಿಷ ಟಿವಿ, ಮೊಬೈಲ್ ಬದಿಗಿಡಿ.
2. ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ತಡವರಿಸಿದರೆ ಯಾರೂ ನಗಬಾರದು. ಕೇಳಿದಾಗ ಮಾತ್ರ ಹೇಳಿಕೊಡಿ.
3. ಮನಸ್ಸಿಗೆ ತಾಗಿದ ಸಾಲಿನಲ್ಲಿ ನಿಲ್ಲಿಸಿ, ಇನ್ನೊಮ್ಮೆ ಓದಿಸಿ.
4. ಆ ಸಾಲನ್ನು ಒಂದು ನೋಟ್ ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಡಿ.

ಆ ಹುಡುಗಿಯ ಮನೆಗೆ ನಾವು ಹೋಗಿ ಕ್ಷಮೆ ಕೇಳಿದೆವು. ಅವಳ ಅಜ್ಜಿಗೆ ಅಕ್ಷರ ಬರುತ್ತದೆ, ಕಣ್ಣು ಮಂಜಾಗಿದೆ. ಮೊಮ್ಮಗಳಿಗೆ ಕಣ್ಣು ಚುರುಕು, ಅಕ್ಷರ ನಿಧಾನ. ಈಗ ಇಬ್ಬರೂ ಸಂಜೆ ಒಟ್ಟಿಗೆ ಓದುತ್ತಾರೆ. ಅವಳು ಒತ್ತಕ್ಷರದ ಮುಂದೆ ನಿಂತರೆ ಅಜ್ಜಿ ಪದ ಊಹಿಸಿ ಹೇಳುತ್ತಾರೆ. "ಬೇಗ ಓದಿದ್ರೆ ನಂಗೆ ಕೇಳ್ಸೋದೇ ಇಲ್ಲ ಕಣಪ್ಪ, ಇವಳು ಓದೋದೇ ಸರಿ" ಎಂದರು ಅಜ್ಜಿ. ಹೋದ ತಿಂಗಳು ಅವಳು ಮತ್ತೆ ಪೂಜೆಯಲ್ಲಿ ವಾಚನ ಓದಿದಳು, ನಿಧಾನವಾಗಿಯೇ. ಪ್ರತಿ ಮಾತೂ ನಮಗೆ ಕೇಳಿಸಿತು.

ಕುಟುಂಬದಲ್ಲಿ ಮಾತನಾಡಿಕೊಳ್ಳಲು

– ಮುಚ್ಚಿದ ಮೇಲೂ ನಿಮಗೆ ಸಂತೋಷ ಉಳಿಸಿದ ಪುಸ್ತಕ ಯಾವುದು?
– ನಿಮ್ಮ ಮನೆಯಲ್ಲಿ ಕನ್ನಡ ಓದಲು ನಾಚುವವರು ಯಾರು? ಅವರ ಪಕ್ಕದಲ್ಲಿ ಕೂರುವವರು ಯಾರು?

ಪ್ರಾರ್ಥನೆ

ಓ ದೇವಾ, ನಿಮ್ಮ ವಾಕ್ಯವನ್ನು ಅವಸರವಿಲ್ಲದೆ ಕೇಳುವ ಕಿವಿಯನ್ನೂ ಸವಿಯುವ ಮನಸ್ಸನ್ನೂ ನಮಗೆ ಕೊಡಿ. ತಡವರಿಸುವವರನ್ನು ನಗದೆ ಕಾಯುವ ತಾಳ್ಮೆಯನ್ನು ಕಲಿಸಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.