ರಕ್ತದ ಆಮ್ಲತೆ, ಸೋಡಾ ಚಿಕಿತ್ಸೆ ಮತ್ತು ಮಿದುಳು

ಆರೋಗ್ಯವಂತರ ರಕ್ತದ ಪಿಎಚ್ 7.35ರಿಂದ 7.45ರವರೆಗೆ ಇರುತ್ತದೆ, ಅಂದರೆ ರಕ್ತವು ತುಸು ಕ್ಷಾರೀಯವಾದುದು. ತೀವ್ರ ರಕ್ತಸ್ರಾವ, ಕಾಲರಾದಿಂದಾಗುವ ನಿರ್ಜಲತೆ, ರಕ್ತಕ್ಕೆ ಹರಡಿದ ಸೋಂಕು, ಹೃದಯಸ್ತಂಭನ ಮೊದಲಾದ ಸಂದರ್ಭಗಳಲ್ಲಿ ಜೀವಕೋಶಗಳಿಗೆ ಸಾಕಷ್ಟು ಆಮ್ಲಜನಕ ದೊರೆಯುವುದಿಲ್ಲ. ಆಗ ಅವು ಆಮ್ಲಜನಕವಿಲ್ಲದೆಯೇ ಗ್ಲೂಕೋಸನ್ನು ವಿಭಜಿಸಿ ಶಕ್ತಿ ಪಡೆಯುತ್ತವೆ. ಸಾಮಾನ್ಯವಾಗಿ ಲೀಟರಿಗೆ 2 ಮಿಲಿಮೋಲ್‌ಗಿಂತ ಕಡಿಮೆ ಇರುವ ಲ್ಯಾಕ್ಟೇಟ್ ಇದರಿಂದ 4ನ್ನು ಮೀರಿ, ಪಿಎಚ್ ಕುಸಿಯಬಹುದು. ಈ ಸ್ಥಿತಿಯೇ ಲ್ಯಾಕ್ಟಿಕ್ ಅಸಿಡೋಸಿಸ್.

ಬಫರ್ ಚಿಕಿತ್ಸೆ

ಆಮ್ಲತೆಯ ಏರಿಳಿತವನ್ನು ತಡೆಯುವ ದ್ರವ್ಯಕ್ಕೆ ಬಫರ್ ಎಂದು ಹೆಸರು. ಇವುಗಳಲ್ಲಿ ಸೋಡಿಯಂ ಬೈಕಾರ್ಬನೇಟ್ ಮುಖ್ಯವಾದುದು. ನಮ್ಮ ಅಡುಗೆ ಸೋಡಾ ಕೂಡ ಇದೇ ರಾಸಾಯನಿಕ. ಆಸ್ಪತ್ರೆಯಲ್ಲಿ ಇದರ ಶುದ್ಧ ದ್ರಾವಣವನ್ನು ರಕ್ತನಾಳಕ್ಕೆ ನೀಡುತ್ತಾರೆ. ಹುಳಿ ಮೊಸರಿಗೆ ಸೋಡಾ ಬೆರೆಸಿದರೆ ನೊರೆಯೇಳುವುದನ್ನು ಎಲ್ಲರೂ ಕಂಡಿದ್ದೇವೆ. ಮೊಸರಿನಲ್ಲಿರುವುದೂ ಲ್ಯಾಕ್ಟಿಕ್ ಆಮ್ಲವೇ. ನೊರೆಯಾಗಿ ಏಳುವುದು ಇಂಗಾಲದ ಡೈಆಕ್ಸೈಡ್. ರಕ್ತದಲ್ಲಿಯೂ ಈ ಅನಿಲವೇ ಉತ್ಪತ್ತಿಯಾಗುತ್ತದೆ. ಉಸಿರಾಟ ಸಮರ್ಪಕವಾಗಿದ್ದರೆ ಶ್ವಾಸಕೋಶಗಳು ಅದನ್ನು ಹೊರಹಾಕುತ್ತವೆ. ಇಲ್ಲವಾದರೆ ಅದು ಅಂಗಾಂಶಗಳಲ್ಲಿ ಶೇಖರವಾಗುತ್ತದೆ.

ಮಿದುಳಿನ ಮೇಲೆ ಪರಿಣಾಮ

ರಕ್ತಕ್ಕೂ ಮಿದುಳಿಗೂ ನಡುವೆ ಒಂದು ರಕ್ಷಣಾ ತಡೆಯುಂಟು. ಇಂಗಾಲದ ಡೈಆಕ್ಸೈಡ್ ಅದನ್ನು ಕ್ಷಣಮಾತ್ರದಲ್ಲಿ ದಾಟುತ್ತದೆ. ಬೈಕಾರ್ಬನೇಟ್ ನಿಧಾನವಾಗಿ ದಾಟುತ್ತದೆ. ಆದುದರಿಂದ ರಕ್ತದ ಪಿಎಚ್ ಸುಧಾರಿಸುತ್ತಿರುವಾಗಲೇ ಮಿದುಳನ್ನು ಸುತ್ತುವರಿದ ದ್ರವದ ಆಮ್ಲತೆ ಹೆಚ್ಚಬಹುದು. ಪ್ರಜ್ಞಾಸ್ಥಿತಿಯು ರಕ್ತಕ್ಕಿಂತ ಈ ದ್ರವದ ಆಮ್ಲತೆಯನ್ನು ಹೆಚ್ಚು ಅನುಸರಿಸುತ್ತದೆಂದು ಅಮೆರಿಕದ ನರವೈದ್ಯರಾದ ಪೋಸ್ನರ್ ಮತ್ತು ಪ್ಲಮ್ 1967ರಲ್ಲಿ ತೋರಿಸಿದರು. ಇದಲ್ಲದೆ, ಗಾಢ ದ್ರಾವಣದಲ್ಲಿನ ಅಧಿಕ ಸೋಡಿಯಂ ಮಿದುಳಿನ ಜೀವಕೋಶಗಳಿಂದ ನೀರನ್ನು ಹೊರಗೆಳೆಯುತ್ತದೆ. ಅವಧಿಗೆ ಮುನ್ನ ಜನಿಸಿದ ಶಿಶುಗಳಿಗೆ ಅದನ್ನು ವೇಗವಾಗಿ ನೀಡಿದರೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯವೂ ಇದೆ.

ಮೂಲ ಕಾರಣಕ್ಕೆ ಆದ್ಯತೆ

ಫ್ರಾನ್ಸ್‌ನಲ್ಲಿ ತೀವ್ರ ಆಮ್ಲತೆಯಿದ್ದ 389 ರೋಗಿಗಳ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೈಕಾರ್ಬನೇಟ್ ಒಟ್ಟಾರೆ ಗಮನಾರ್ಹ ಲಾಭ ನೀಡಲಿಲ್ಲ. ಮೂತ್ರಪಿಂಡಗಳಿಗೆ ತೀವ್ರ ಹಾನಿಯಾಗಿದ್ದವರಿಗೆ ಮಾತ್ರ ಉಪಯುಕ್ತವೆಂದು ಕಂಡುಬಂದಿತು. ಇಂಗಾಲದ ಡೈಆಕ್ಸೈಡನ್ನು ಉತ್ಪಾದಿಸದ ‘ಥ್ಯಾಮ್’ ಎಂಬ ಬಫರ್ ಕೂಡ ಉಸಿರಾಟವನ್ನು ಕುಗ್ಗಿಸಬಲ್ಲದು. ಹೀಗಾಗಿ ಬಫರ್ ನೀಡಬೇಕೇ ಬೇಡವೇ ಎಂಬುದನ್ನು ವೈದ್ಯರು ರೋಗಿಯ ಸ್ಥಿತಿಯನ್ನು ನೋಡಿ ನಿರ್ಧರಿಸುತ್ತಾರೆ. ರಕ್ತಸ್ರಾವ ನಿಲ್ಲಿಸುವುದು, ದ್ರವ ತುಂಬುವುದು, ಸೋಂಕನ್ನು ಅಡಗಿಸುವುದು, ಆಮ್ಲಜನಕ ಒದಗಿಸುವುದು ನಿಜವಾದ ಚಿಕಿತ್ಸೆ. ಆಮ್ಲತೆ ಹೊಗೆಯಿದ್ದಂತೆ; ಆರಿಸಬೇಕಾದುದು ಬೆಂಕಿಯನ್ನು.

ವಾಂತಿಭೇದಿಯಾದವರಿಗೆ ಆರಂಭದಲ್ಲಿಯೇ ಓಆರ್‌ಎಸ್ ಕುಡಿಸಬೇಕು. ಏದುಸಿರು, ತಣ್ಣಗಾದ ಕೈಕಾಲು, ಮಂಪರು ಕಂಡುಬಂದರೆ ಮನೆಯಲ್ಲಿ ಸೋಡಾ ಕುಡಿಸುತ್ತ ಕಾಲಹರಣ ಮಾಡದೆ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.