ಗೂಬೆಯ ಕೂಗು

ಒಬ್ಬನ ತಪ್ಪನ್ನು ಮತ್ತೊಬ್ಬನ ತಲೆಗೆ ಕಟ್ಟುವದಕ್ಕೆ ನಮ್ಮ ಜನರು ‘ಗೂಬೆ ಕೂರಿಸುವದು’ ಅನ್ನುತ್ತಾರಷ್ಟೆ. ಆದರೆ ಸುಳ್ಳಪವಾದವನ್ನು ಬಹು ಕಾಲದಿಂದ ಹೊತ್ತಿರುವದು ಆ ಗೂಬೆಯೇ. ಅದು ಹೇಗೆಂಬದನ್ನು ಈ ಪಾಠದಲ್ಲಿ ವಿಚಾರಿಸುವೆವು.

ಹೋದ ಮಳೆಗಾಲದಲ್ಲಿ ನಮ್ಮ ಸಭೆಯ ಒಂದು ಮನೆಯಲ್ಲಿ 80 ವರುಷ ದಾಟಿದ ತಾಯಿಯೊಬ್ಬರು ಜ್ವರದಿಂದ ಮಲಗಿದ್ದರು. ಮೂರು ರಾತ್ರಿ ಆ ಮನೆಯ ಮೇಲೆ ಗೂಬೆ ಕೂಗಿತು. ನಾಲ್ಕನೆಯ ದಿವಸ ಅವರ ಮಗನು ನನ್ನ ಬಳಿಗೆ ಬಂದು, “ಅಯ್ಯನವರೇ, ಒಂದು ಪ್ರಾರ್ಥನೆ ಮಾಡಿ ಹೋಗಿರಿ. ಆಮೇಲೆ ಅವ್ವನನ್ನು ದನದ ಕೊಟ್ಟಿಗೆಗೆ ಸಾಗಿಸಿ ಮನೆಗೆ ಬೀಗ ಹಾಕುತ್ತೇವೆ” ಅಂದನು. ಅಂಥ ಮಳೆಯಲ್ಲಿ, ಜ್ವರದ ಮುದುಕಿಯನ್ನು ಕೊಟ್ಟಿಗೆಗೆ! ಒಂದು ರಾತ್ರಿ ತಾಳಿರೆಂದು ಬೇಡಿಕೊಂಡು ನಾನು ಅವರ ಜಗಲಿಯಲ್ಲಿ ಕುಳಿತೆನು.

ಕಂಡದ್ದೇನಂದರೆ, ಊರೆಲ್ಲಾ ಕತ್ತಲಾಗಿರುವಾಗ ರೋಗಿಯ ನಿಮಿತ್ತ ಆ ಅಂಗಳದಲ್ಲಿ ಮಾತ್ರ ದೀಪ ಉರಿಯುತ್ತಿತ್ತು. ಮಳೆ ಬಿಟ್ಟೊಡನೆ ರೆಕ್ಕೆಯುಳ್ಳ ಗೆದ್ದಲುಹುಳಗಳು ಅದನ್ನು ಮುತ್ತಿದವು. ಅವುಗಳನ್ನು ತಿನ್ನುವದಕ್ಕೆ ಗೇಣುದ್ದದ, ಬಿಳೀ ಚುಕ್ಕೆಗಳುಳ್ಳ ಎರಡು ಹಾಲಕ್ಕಿಗಳು ಬಂದು, ಹೊಟ್ಟೆ ತುಂಬ ಹಿಡಿದು ತಿಂದು, ಮಾಡಿನ ಮೇಲೆ ಕೂತು ಕಿರಿಚಿದವು. ಮಗನನ್ನು ಎಬ್ಬಿಸಿ ತೋರಿಸಿದೆನು. ತಾಯಿ ಮನೆಯಲ್ಲಿಯೇ ಉಳಿದರು. ಹನ್ನೊಂದು ದಿವಸಗಳಾದ ಮೇಲೆ ಅವರು ತಮ್ಮ ಹಾಸಿಗೆಯಲ್ಲಿ, ಮಕ್ಕಳ ನಡುವೆ ತೀರಿಹೋದರು. “ಗೂಬೆಯ ಮಾತು ಸುಳ್ಳಾಗಲಿಲ್ಲ” ಎಂದು ನೆರೆಯವರು ಅಂದದ್ದುಂಟು. ಅವೇ ಹಕ್ಕಿಗಳು ಆಮೇಲೆ ಮಳೆಗಾಲ ಮುಗಿಯುವ ತನಕ ಶಾಲೆಯ ದೀಪಕಂಬದ ಮೇಲೆ ಕೂಗಿದವು. ಅಲ್ಲಿ ಯಾರೂ ಸಾಯಲಿಲ್ಲ.

ಈ ಭಯವು ನಮ್ಮ ದೇಶದ್ದು ಮಾತ್ರವಲ್ಲ. ಹಾಲಕ್ಕಿಯ ದಾಯಾದಿಯಾದ ಪುಟ್ಟ ಗೂಬೆಯು ‘ಕುವಿಟ್’ ಎಂದು ಕೂಗುವಾಗ, ಜರ್ಮನಿಯ ಹಳ್ಳಿಗರು ಅದನ್ನು ‘ಕೋಮ್ ಮಿಟ್’, ಅಂದರೆ ‘ನನ್ನ ಸಂಗಡ ಬಾ’ ಎಂದು ಕೇಳಿ, ಅದಕ್ಕೆ ಸಾವಿನ ಹಕ್ಕಿಯೆಂದು ಹೆಸರಿಟ್ಟರು. ಅಲ್ಲಿಯೂ ರೋಗಿಯ ಕೋಣೆಯ ದೀಪವೇ ಅದನ್ನು ಕರೆಯುತ್ತಿತ್ತು. ಆದರೆ ಗ್ರೀಕರ ಅಥೇನೆ ಪಟ್ಟಣದವರು ಅದೇ ಪುಟ್ಟ ಗೂಬೆಯನ್ನು ಜ್ಞಾನದ ಗುರುತೆಂದು ಬೆಳ್ಳಿಯ ನಾಣ್ಯದಲ್ಲಿ ಅಚ್ಚೊತ್ತಿದರು. ಬಂಗಾಳದವರಿಗೆ ಗೂಬೆಯು ಲಕ್ಷ್ಮಿಯ ವಾಹನವು. ನಮ್ಮ ಬುಡುಬುಡಿಕೆಯವನೋ, ಹಾಲಕ್ಕಿ ಶುಭ ನುಡಿಯಿತೆಂದು ಬಾಗಿಲಲ್ಲಿ ನಿಂತು ಹಳೇ ಬಟ್ಟೆ ಕೇಳುತ್ತಾನೆ! ಇವರಲ್ಲಿ ಯಾರ ಮಾತನ್ನು ನಂಬೋಣ? ಯಾಜಕಕಾಂಡದ 11ನೆಯ ಅಧ್ಯಾಯವು ಗೂಬೆಯನ್ನು ತಿನ್ನಬಾರದ ಹಕ್ಕಿಗಳಲ್ಲಿ ಸೇರಿಸುತ್ತದೆ. 102ನೆಯ ಕೀರ್ತನೆಯಲ್ಲಿ ಕುಗ್ಗಿದವನೊಬ್ಬನು ತನ್ನನ್ನು ಹಾಳುಬಿದ್ದ ಸ್ಥಳದ ಗೂಬೆಗೆ ಹೋಲಿಸಿಕೊಳ್ಳುತ್ತಾನೆ. ಅದು ಮರಣವನ್ನು ತರುತ್ತದೆಂಬ ಮಾತು ಅಲ್ಲಿ ಎಲ್ಲಿಯೂ ಇಲ್ಲ.

ಇನ್ನು ಕಣಜಗೂಬೆಯನ್ನು ನೋಡಿರಿ. ಅದರ ಬಿಳೀ ಮುಖವು ಬಟ್ಟಲಿನಂತೆ ಸದ್ದನ್ನು ಕೂಡಿಸುತ್ತದೆ. ಕಿವಿಗಳಲ್ಲಿ ಒಂದು ಮೇಲಕ್ಕೂ ಒಂದು ಕೆಳಕ್ಕೂ ಇರುವದರಿಂದ ಕಗ್ಗತ್ತಲಲ್ಲಿಯೂ ಇಲಿಯ ಸರಪರ ಸದ್ದನ್ನೇ ಹಿಡಿದು ಅದರ ಮೇಲೆ ಎರಗುವದು. ರೆಕ್ಕೆಯ ಅಂಚಿನಲ್ಲಿ ಬಾಚಣಿಗೆಯಂಥ ನವುರಾದ ಹಲ್ಲುಗಳಿರುವ ಕಾರಣ ಹಾರುವ ಸದ್ದೇ ಕೇಳಿಸದು. ಕಣ್ಣುಗುಡ್ಡೆಗಳನ್ನು ಹೊರಳಿಸಲಾರದು, ಆದರೆ ನಮ್ಮ ಕೊರಳಲ್ಲಿ 7 ಎಲುಬುಗಳಿದ್ದರೆ ಅದಕ್ಕೆ 14 ಇವೆ, ಆದದರಿಂದ ತಲೆಯನ್ನು ಮುಕ್ಕಾಲು ಸುತ್ತು ತಿರುಗಿಸಬಲ್ಲದು. ಮರಿಗಳಿರುವ ಜೋಡಿಯೊಂದು ವರುಷಕ್ಕೆ ಸಾವಿರಕ್ಕೂ ಮಿಕ್ಕಿ ಇಲಿಗಳನ್ನು ಹಿಡಿಯುವದು. ಯೊರ್ದನ್ ಹೊಳೆಯ ತಗ್ಗಿನಲ್ಲಿ ಇಸ್ರಾಯೇಲಿನ ರೈತರು 1983ರಲ್ಲಿ ಹೊಲಗಳಲ್ಲಿ ಇದಕ್ಕಾಗಿ ಮರದ ಪೆಟ್ಟಿಗೆಗಳನ್ನು ನಿಲ್ಲಿಸತೊಡಗಿದರು. 2002ರಿಂದ ಹೊಳೆಯಾಚೆಯ ಯೊರ್ದನ್ ದೇಶದವರೂ ಅವರೊಂದಿಗೆ ಸೇರಿದರು. ಅವರೂ ಗೂಬೆಯನ್ನು ಅಪಶಕುನವೆಂದು ಎಣಿಸುತ್ತಿದ್ದವರೇ.

ನಾವಾದರೋ ಕಲ್ಲೆಸೆಯುತ್ತೇವೆ, ಇಲ್ಲವೆ ಇಲಿಗೆ ವಿಷವಿಡುತ್ತೇವೆ. ವಿಷ ತಿಂದ ಇಲಿಯನ್ನು ನುಂಗಿ ಗೂಬೆಯೂ ಸಾಯುತ್ತದೆ. ಮಾಟಕ್ಕೆಂದು ಇದನ್ನು ಹಿಡಿದು ಮಾರುವವರೂ ಇದ್ದಾರೆ. 1972ರ ವನ್ಯಜೀವಿ ಕಾನೂನಿನ ಪ್ರಕಾರ ಇದನ್ನು ಕೊಲ್ಲುವದೂ ಮಾರುವದೂ ಶಿಕ್ಷೆಗೆ ಗುರಿಯಾದ ಅಪರಾಧ.

ಗೂಬೆಯು ತಾನು ಅರಗಿಸಲಾರದ ಕೂದಲನ್ನೂ ಎಲುಬನ್ನೂ ಉಂಡೆಮಾಡಿ ಕಕ್ಕುತ್ತದೆ. ನಮ್ಮ ದೇವಾಲಯದ ಸೂರಿನ ಕೆಳಗೆ ಬಿದ್ದಿದ್ದ ಅಂಥ ಒಂದು ಉಂಡೆಯನ್ನು ಭಾನುವಾರ ಶಾಲೆಯ ಮಕ್ಕಳು ನೀರಲ್ಲಿ ನೆನೆಸಿ ಬಿಡಿಸಿದಾಗ ಮೂರು ಇಲಿಗಳ ತಲೆಬುರುಡೆಗಳು ದೊರೆತವು. ಅವುಗಳನ್ನು ನೋಡಲು ಬಂದವರಲ್ಲಿ ಆ ಮಗನೂ ಇದ್ದನು. ಈ ವರುಷ ಅವನು ವಿಷವಿಡದೆ, ಗೂಬೆ ಕೂರಲೆಂದು ಶೇಂಗಾ ಹೊಲದಲ್ಲಿ ಎರಡು ಅಡ್ಡಗಂಬಗಳನ್ನು ನೆಟ್ಟಿದ್ದಾನೆ. “ಹೊಲದಲ್ಲಿ ಕೂತುಕೊಳ್ಳಲಿ ಅಯ್ಯನವರೇ, ಮನೆಯ ಮೇಲೆ ಮಾತ್ರ ಬೇಡ” ಅನ್ನುತ್ತಾನೆ.