ನಷ್ಟಕ್ಕೆ ಕುಡಿತ ಮದ್ದಲ್ಲ
ಮಾಸ್ಟರ್ ದೀನಾನಾಥರ ಬಾಳಿನಿಂದ ರೈತ ಕುಟುಂಬಗಳಿಗೆ ಒಂದು ಪಾಠ



ಲತಾ ಮಂಗೇಶಕರ್ ಅವರ ಹಾಡು ಕೇಳದ ಮನೆ ನಮ್ಮ ಸೀಮೆಯಲ್ಲಿಲ್ಲ. ಆದರೆ ಅವರು ಚಿಕ್ಕ ಹುಡುಗಿಯಾಗಿದ್ದಾಗ ತಂದೆಯ ಜೊತೆ ಕಚೇರಿಯಲ್ಲಿ ಕೂತು ಹಾಡಿದ್ದು ನಮ್ಮ ಸೊಲ್ಲಾಪುರದಲ್ಲಿ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಅದು 1938ರ ಸೆಪ್ಟೆಂಬರ್ ತಿಂಗಳು. ಹುಡುಗಿಗೆ ಒಂಬತ್ತು ಇನ್ನೂ ತುಂಬಿರಲಿಲ್ಲ. ತನ್ನ ಹಾಡು ಮುಗಿಸಿ, ತಂದೆ ಹಾಡುತ್ತಿರುವಾಗ ಅವರ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದದ್ದನ್ನು ಅವರು ಮುಂದೆ ನೆನೆಯುತ್ತಿದ್ದರು. ಆ ತಂದೆಯೇ ಮಾಸ್ಟರ್ ದೀನಾನಾಥ ಮಂಗೇಶಕರ್. ಅಲ್ಲಿಂದ ನಾಲ್ಕು ವರ್ಷ ತುಂಬುವುದರೊಳಗೆ ಅವರು ಇಲ್ಲವಾದರು.

ದೀನಾನಾಥರು 1900ರಲ್ಲಿ ಗೋವೆಯ ಮಂಗೇಶಿಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ಕಿರ್ಲೋಸ್ಕರ್ ನಾಟಕ ಮಂಡಳಿ ಸೇರಿದರು. 1918ರಲ್ಲಿ ಗೆಳೆಯರೊಡನೆ ಬಲವಂತ ಸಂಗೀತ ಮಂಡಳಿ ಕಟ್ಟಿದರು. 'ರಣದುಂದುಭಿ', 'ಸಂನ್ಯಸ್ತ ಖಡ್ಗ' ಮುಂತಾದ ನಾಟಕಗಳಲ್ಲಿ ಅವರ ಹಾಡು ಕೇಳಲು ಜನ ಮುಗಿಬೀಳುತ್ತಿದ್ದರು. 1931ರಲ್ಲಿ ಮಾತನಾಡುವ ಸಿನಿಮಾ ಬಂದ ಮೇಲೆ ನಾಟಕ ಕಂಪನಿಗಳ ಗಳಿಕೆ ಇಳಿಯಿತು. ದೀನಾನಾಥರು ತಾವೂ ಸಿನಿಮಾ ತೆಗೆಯಲು ಹೋದರು. 1934ರ 'ಕೃಷ್ಣಾರ್ಜುನ ಯುದ್ಧ' ಕೈಗೂಡಲಿಲ್ಲ. ಸಾಲ ಬೆಳೆಯಿತು, ಮಂಡಳಿ ಮುಚ್ಚಿತು. ಆ ದುಃಖದಲ್ಲಿ ಅವರು ಕುಡಿತಕ್ಕೆ ಬಿದ್ದರು. ದೇಹ ಸೊರಗಿತು. ಕೆಲವು ವಾರ ಹಾಸಿಗೆ ಹಿಡಿದು, 1942ರ ಏಪ್ರಿಲ್ 24ರಂದು ಪುಣೆಯಲ್ಲಿ ತೀರಿಕೊಂಡರು. ವಯಸ್ಸು ಕೇವಲ 41.

ಹಿಂದೆ ಉಳಿದದ್ದು ಹೆಂಡತಿ ಮತ್ತು ಐದು ಮಕ್ಕಳು. ಹಿರಿಯ ಮಗಳು ಲತಾಗೆ ಹದಿಮೂರು ತುಂಬಿರಲಿಲ್ಲ, ಕಿರಿಯ ಮಗ ಹೃದಯನಾಥನಿಗೆ ಐದು ತುಂಬಿರಲಿಲ್ಲ. ಆ ವರ್ಷವೇ ಲತಾ ಸಿನಿಮಾದಲ್ಲಿ ಬಣ್ಣ ಹಚ್ಚಿ ಮನೆಯ ನೊಗ ಹೊತ್ತಳು. ನಟನೆ ಅವಳಿಗೆ ಇಷ್ಟವಿರಲಿಲ್ಲ, ಆದರೆ ಬೇರೆ ದಾರಿ ಇರಲಿಲ್ಲ. ಆ ಮಕ್ಕಳು ಮುಂದೆ ದೊಡ್ಡ ಹೆಸರು ಮಾಡಿದರು, ನಿಜ. ಹಾಗೆ ಎದ್ದು ನಿಲ್ಲುವ ಮಕ್ಕಳು ಎಷ್ಟು ಮನೆಗಳಲ್ಲಿದ್ದಾರೆ?

ನಾವು ಇಲ್ಲಿ ಗಮನಿಸಬೇಕಾದದ್ದು ಇಷ್ಟು. ದೀನಾನಾಥರು ಸೋಮಾರಿಗಳಲ್ಲ, ಕೆಟ್ಟವರೂ ಅಲ್ಲ. ಮೊದಲು ನಷ್ಟ ಬಂತು, ಆಮೇಲೆ ಕುಡಿತ ಬಂತು. ನಮ್ಮ ಊರುಗಳಲ್ಲೂ ಹಾಗೆಯೇ. ತೊಗರಿ ನೆಟೆರೋಗಕ್ಕೆ ಒಣಗುತ್ತದೆ, ಆಲಿಕಲ್ಲಿಗೆ ದ್ರಾಕ್ಷಿ ಉದುರುತ್ತದೆ, ಕಬ್ಬಿನ ಬಿಲ್ಲು ತಡವಾಗುತ್ತದೆ. ಚಿಂತೆ ಮರೆಯಲು ಒಬ್ಬ ಸಂಜೆ ದಾರೂ ಅಂಗಡಿಗೆ ಹೋಗುತ್ತಾನೆ. ಬೆಳಿಗ್ಗೆ ಎದ್ದಾಗ ಸಾಲ ಇದ್ದಷ್ಟೇ ಇರುತ್ತದೆ, ಅಂಗಡಿಯ ಬಾಕಿ ಮಾತ್ರ ಹೊಸದಾಗಿ ಸೇರಿರುತ್ತದೆ.

ಕುಡಿದರೇ ಮೈಗೆ ಕಸುವು ಎಂಬ ಮಾತೂ ಇದೆ. ಗಾಯಕ ಕೆ. ಎಲ್. ಸೈಗಲ್ ಅವರೂ ಕುಡಿಯದೆ ತಮಗೆ ಹಾಡಲು ಬಾರದು ಎಂದು ನಂಬಿದ್ದರು. 1946ರ 'ಶಾಹಜಹಾನ್' ಚಿತ್ರಕ್ಕೆ ಸಂಗೀತ ಕೊಟ್ಟ ನೌಷಾದ್ ಅವರು ಒಂದೇ ಹಾಡನ್ನು ಕುಡಿಯದೆ ಒಮ್ಮೆ, ಕುಡಿದು ಒಮ್ಮೆ ಹಾಡಿಸಿದರಂತೆ. ಕುಡಿಯದೆ ಹಾಡಿದ್ದೇ ಚೆನ್ನಾಗಿದೆ ಎಂದು ಸೈಗಲ್ ತಾವೇ ಒಪ್ಪಿದರು ಎಂದು ನೌಷಾದ್ ಹೇಳುತ್ತಿದ್ದರು. ಆಗಲೇ ಹೊತ್ತು ಮೀರಿತ್ತು. 1947ರ ಜನವರಿ 18ರಂದು, 42ನೇ ವಯಸ್ಸಿನಲ್ಲಿ ಸೈಗಲ್ ತೀರಿಹೋದರು.

ಹಾಗೆಂದು ಕೈಚೆಲ್ಲಬೇಕಿಲ್ಲ. ಗದಗ ಸೀಮೆಯ ಪಂಡಿತ ಭೀಮಸೇನ ಜೋಶಿಯವರಿಗೂ ಈ ಚಟ ಗಟ್ಟಿಯಾಗಿ ಅಂಟಿತ್ತು. 1970ರ ದಶಕದ ಕೊನೆಯ ಹೊತ್ತಿಗೆ ಅವರು ಅದನ್ನು ಬಿಟ್ಟರು. ಆಮೇಲೆ ಎಷ್ಟೋ ವರ್ಷ ಹಾಡಿದರು. 2008ರಲ್ಲಿ ಭಾರತರತ್ನ ಘೋಷಣೆಯಾದಾಗ ಅವರಿಗೆ 86 ವಯಸ್ಸು.

ಮನೆಯವರು ತಿಳಿದಿರಬೇಕಾದ ಸಂಗತಿಗಳು:

1. ಕುಡಿತದ ಚಟ ಒಂದು ಕಾಯಿಲೆ. ಬೈಗುಳದಿಂದ, ಹೊಡೆತದಿಂದ, ಆಣೆ ಹಾಕಿಸುವುದರಿಂದ ಮಾತ್ರ ಅದು ಹೋಗದು. ವೈದ್ಯರ ಚಿಕಿತ್ಸೆಯೂ ಮನೆಯವರ ಆಸರೆಯೂ ಬೇಕು.

2. ದಿನಾಲೂ ಬಹಳ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಒಂದು ದಿನದೊಳಗೆ ಕೈನಡುಕ, ಬೆವರು, ನಿದ್ದೆಗೇಡು ಶುರುವಾಗಬಹುದು. ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣಿಸಿ ಬಡಬಡಿಸಬಹುದು. ಇದು ಗಾಳಿ ಸೋಂಕಲ್ಲ, ಪ್ರಾಣಕ್ಕೆ ಅಪಾಯದ ಸ್ಥಿತಿ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ವೈದ್ಯರನ್ನು ಕೇಳಿಯೇ ನಿಲ್ಲಿಸುವುದು ಇನ್ನೂ ಒಳ್ಳೆಯದು.

3. ಯಕೃತ್ತು ಕೆಡುವಾಗ ಮೊದಮೊದಲು ನೋವು ಕಾಣದು. ಕಣ್ಣು ಹಳದಿಯಾದರೆ, ಹೊಟ್ಟೆ ಉಬ್ಬಿ ಕಾಲು ಬಾತರೆ, ವಾಂತಿಯಲ್ಲಿ ರಕ್ತ ಬಂದರೆ, ಮಲ ಡಾಂಬರಿನಂತೆ ಕಪ್ಪಾದರೆ ತಡಮಾಡಬೇಡಿರಿ.

4. ಊಟದಲ್ಲಿ ಗುಟ್ಟಾಗಿ ಬೆರೆಸುವ ಪುಡಿ, ಗುಳಿಗೆಗಳನ್ನು ಕೊಳ್ಳಬೇಡಿರಿ. ಕೆಲವು ಔಷಧಿಗಳ ಮೇಲೆ ಕುಡಿದರೆ ಜೀವವೇ ಹೋಗಬಹುದು.

5. ಹಾತಭಟ್ಟಿ ದಾರೂವಿನಲ್ಲಿ ಮೆಥನಾಲ್ ಸೇರಿದ್ದರೆ ಕಣ್ಣು ಹೋಗುತ್ತದೆ, ಸಾವೂ ಬರುತ್ತದೆ.

6. ಕುಡಿದು ಬೆಳೆಗೆ ಔಷಧ ಹೊಡೆಯಬಾರದು. ವಿಷವೇರಿ ತಲೆ ಸುತ್ತಿದರೂ ನೋಡುವವರು ನಶೆ ಎಂದುಕೊಂಡು ಸುಮ್ಮನಿರುತ್ತಾರೆ. ಕ್ರಿಮಿನಾಶಕದ ಡಬ್ಬಿಗೆ ಬೀಗ ಹಾಕಿ, ಬೀಗದ ಕೈ ಮನೆಯ ಹೆಂಗಸರ ಬಳಿ ಇರಲಿ. ಸಾಲದ ಚಿಂತೆ, ಕುಡಿತ, ಕೈಗೆಟಕುವ ವಿಷ, ಈ ಮೂರೂ ಒಂದೇ ರಾತ್ರಿ ಕೂಡಬಾರದು.

ಸಹಾಯ ದೂರವಿಲ್ಲ. 14446 ಸಂಖ್ಯೆಗೆ ಫೋನ್ ಮಾಡಿದರೆ ಕೇಂದ್ರ ಸರ್ಕಾರದ ನಶಾಮುಕ್ತಿ ಸಹಾಯವಾಣಿ ಹಣವಿಲ್ಲದೆ ಸಲಹೆ ಕೊಡುತ್ತದೆ. ಪುಣೆಯಲ್ಲಿ 1986ರಲ್ಲಿ ಡಾ. ಅನಿತಾ ಅವಚಟ್ ಮತ್ತು ಅನಿಲ್ ಅವಚಟ್ ದಂಪತಿ ತೆರೆದ ಮುಕ್ತಾಂಗಣ ಕೇಂದ್ರವಿದೆ. ಕುಡಿತ ಬಿಟ್ಟವರೇ ಕೂಡಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಶುಲ್ಕವಿಲ್ಲ, ಹೆಸರೂ ಹೊರಗೆ ಬೀಳದು.

ನೆರೆಯವನ ಬೆಳೆ ಹೋದ ವರ್ಷ ಅವನ ಮನೆಗೆ ಸಂಜೆ ನಾವೇ ಹೋಗಿ ಕೂಡೋಣ. ಸಾವುಕಾರನ ಲೆಕ್ಕ, ಬ್ಯಾಂಕಿನ ಕಾಗದ, ಮಕ್ಕಳ ಶಾಲೆ, ಎಲ್ಲವನ್ನೂ ಕೂತು ಮಾತಾಡೋಣ. ನಾವು ಹೋಗದಿದ್ದರೆ ಅವನು ಎಲ್ಲಿಗೆ ಹೋಗುತ್ತಾನೆಂದು ನಮಗೆ ಗೊತ್ತೇ ಇದೆ.